ಪಿಂಗಾಣಿ ಡಯಲ್ ಬರೆಯುವ ಕೈಗಳು

ಗಡಿಯಾರವನ್ನು ನಾವು ದಿನಕ್ಕೆ ಎಷ್ಟು ಸಲ ನೋಡುತ್ತೇವೆ? ಫಜ್ರ್‌ಗೆ ಎಷ್ಟು ಹೊತ್ತು ಉಳಿದಿದೆ, ಮಕ್ಕಳ ಶಾಲೆಯ ಬಸ್ಸು ಬರುವ ವೇಳೆಯಾಯಿತೇ, ಮಗ್ರಿಬ್‌ಗೆ ಮುನ್ನ ಮನೆ ತಲಪಬಹುದೇ ಎಂದು ಮತ್ತೆ ಮತ್ತೆ ನೋಡುತ್ತಲೇ ಇರುತ್ತೇವೆ. ಆದರೆ ನಾವು ನೋಡುವುದು ವೇಳೆಯನ್ನೇ ಹೊರತು ಗಡಿಯಾರದ ಮುಖವನ್ನಲ್ಲ. ಮುಳ್ಳುಗಳ ಹಿಂದೆ ಇರುವ ಆ ಬಿಳಿಯ ವೃತ್ತವನ್ನು, ಅದರ ಮೇಲಿನ ಅಂಕಿಗಳನ್ನು ಯಾರೋ ಮಾಡಿರಬೇಕು ಎಂಬ ಆಲೋಚನೆ ನಮಗೆ ಬರುವುದೇ ಇಲ್ಲ.

ಗಡಿಯಾರ ದುರಸ್ತಿ ನನ್ನ ವೃತ್ತಿ. ನನ್ನ ಮರ್ಹೂಮ್ ತಂದೆಯವರದೂ ಅದೇ ಆಗಿತ್ತು. ಕರಾವಳಿಯ ಒಂದು ಸಣ್ಣ ಪೇಟೆಯಲ್ಲಿ ಅವರ ಅಂಗಡಿ. ಗಾಜಿನ ಪೆಟ್ಟಿಗೆ, ಒಂದು ಮೇಜು, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಚಿಮಟಗಳು. ಅಷ್ಟೇ ಅವರ ಆಸ್ತಿ. ಹಳೆಯ ಮನೆತನಗಳ ಕಪಾಟಿನಿಂದ ಆಗಾಗ ಕಿಸೆ ಗಡಿಯಾರಗಳು ದುರಸ್ತಿಗೆ ಬರುತ್ತಿದ್ದವು. ಅವುಗಳಲ್ಲಿ ಹೆಚ್ಚಿನವು 1886ರಲ್ಲಿ ಮುಂಬಯಿಯಲ್ಲಿ ಆರಂಭವಾದ ವೆಸ್ಟ್ ಎಂಡ್ ವಾಚ್ ಕಂಪನಿಯವು. ಅವುಗಳ ಡಯಲ್ ಹಾಲಿನಂತೆ ಬೆಳ್ಳಗೆ, ನುಣುಪಾಗಿ ಇರುತ್ತಿತ್ತು. ಒಳಗಿನ ಚಕ್ರಗಳು ತುಕ್ಕು ಹಿಡಿದಿದ್ದರೂ, ಲೋಹದ ಕವಚ ಸವೆದಿದ್ದರೂ, ಆ ಬಿಳುಪು ಮಾತ್ರ ನಿನ್ನೆ ಮಾಡಿದ್ದೆಂಬಂತೆ ಹೊಳೆಯುತ್ತಿತ್ತು. "ಚಕ್ರ ಮುರಿದರೆ ಇನ್ನೊಂದು ತಂದು ಹಾಕಬಹುದು, ಮುಖ ಒಡೆದರೆ ಏನೂ ಮಾಡಲಾಗದು" ಎಂದು ತಂದೆಯವರು ಹೇಳುತ್ತಿದ್ದರು. ಡಯಲನ್ನು ಬಿಚ್ಚುವಾಗ ಅವರು ಮಾತನಾಡುತ್ತಿರಲಿಲ್ಲ, ನಮಗೂ ಮಾತನಾಡಲು ಬಿಡುತ್ತಿರಲಿಲ್ಲ.

ಆ ಡಯಲ್‌ಗಳನ್ನು ಊರಿನಲ್ಲಿ ಎಲ್ಲರೂ 'ಪಿಂಗಾಣಿ ಡಯಲ್' ಎಂದೇ ಕರೆಯುತ್ತಿದ್ದರು. ವಾಸ್ತವದಲ್ಲಿ ಅವು ಎನಾಮೆಲ್. ತಾಮ್ರದ ತೆಳು ಬಿಲ್ಲೆಯ ಮೇಲೆ ಗಾಜಿನ ಪುಡಿಯನ್ನು ಹರಡಿ, ಸುಮಾರು 800 ಡಿಗ್ರಿ ಶಾಖದಲ್ಲಿ ಕರಗಿಸಿ ಅಂಟಿಸಿದಂಥವು. ನಿಜವಾದ ಪಿಂಗಾಣಿಯಲ್ಲಿ ಲೋಹವೇ ಇರುವುದಿಲ್ಲ. ಅದು ಬಿಳಿ ಜೇಡಿಮಣ್ಣು, ಫೆಲ್ಡ್‌ಸ್ಪಾರ್ ಮತ್ತು ಬೆಣಚುಕಲ್ಲಿನ ಪುಡಿಗಳನ್ನು ಬೆರೆಸಿ ಸುಟ್ಟದ್ದು. ಅಂದರೆ ಅದು ಪೂರ್ತಿಯಾಗಿ ಮಣ್ಣೇ. ನಿಜವಾದ ಪಿಂಗಾಣಿಯ, ಅದರ ಮೇಲೆ ಕುಂಚದಿಂದ ಬರೆದ ಡಯಲನ್ನು ನಾನು ಮೊದಲ ಬಾರಿ ಕಂಡದ್ದು ಬಹಳ ವರ್ಷಗಳ ಬಳಿಕ, ಕೊಲ್ಲಿಯ ಒಂದು ನಗರದಲ್ಲಿ ಬೆಲೆಬಾಳುವ ಗಡಿಯಾರಗಳ ದುರಸ್ತಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದಾಗ. ಅದು ಜರ್ಮನಿಯ ಗಡಿಯಾರ. ಅದರ ಮಾಲಿಕ ಸ್ನಾನದ ಮನೆಯ ನೆಲದ ಮೇಲೆ ಅದನ್ನು ಬೀಳಿಸಿದ್ದರು. ಯಂತ್ರ ಸರಿಯಾಗಿಯೇ ಓಡುತ್ತಿತ್ತು. ಆದರೆ ಡಯಲ್‌ನ ಅಂಚಿನಿಂದ ನಡುವಿನವರೆಗೆ ಕೂದಲೆಳೆಯಷ್ಟು ಬಿರುಕು. ತಂದೆಯವರ ಮಾತು ಅಂದು ಮತ್ತೊಮ್ಮೆ ನಿಜವಾಯಿತು. ಆ ಬಿರುಕನ್ನು ಮುಚ್ಚುವ ವಿದ್ಯೆ ನಮ್ಮ ವಿಭಾಗದ ಯಾರಲ್ಲಿಯೂ ಇರಲಿಲ್ಲ. ತಯಾರಕರಿಗೇ ಮರಳಿ ಕಳುಹಿಸಿ, ಹೊಸ ಡಯಲ್ ಬರುವವರೆಗೆ ತಿಂಗಳುಗಟ್ಟಲೆ ಕಾಯಬೇಕಾಯಿತು.

ಆ ಗಡಿಯಾರದ ಬೆಲೆ ನಮ್ಮೂರಿನಲ್ಲಿ ಒಂದು ಒಳ್ಳೆಯ ಕಾರಿನ ಬೆಲೆಯಷ್ಟಿತ್ತು. ರಜೆಯಲ್ಲಿ ಮನೆಗೆ ಬಂದಾಗ ಈ ಸಂಗತಿಯನ್ನು ಹೇಳಿದೆ. ನನ್ನ ಮಗಳು ಕೇಳಿದಳು: "ಅಬ್ಬಾ, ಒಂದು ಕಾರಿನ ಬೆಲೆಯನ್ನು ಕೈಗೆ ಕಟ್ಟಿಕೊಂಡು ತಿರುಗುವುದು ಸರಿಯೇ? ನನ್ನ ಮೊಬೈಲಿನಲ್ಲೂ ಅದೇ ವೇಳೆ ಕಾಣಿಸುತ್ತದಲ್ಲ!" ಪ್ರಶ್ನೆ ನ್ಯಾಯವಾದದ್ದೇ. ದುಂದುವೆಚ್ಚವನ್ನು ಖಂಡಿಸುವ ಧರ್ಮದ ಮನೆಯಲ್ಲಿ ಬೆಳೆದ ಮಗು ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಅದಕ್ಕೆ ಒಂದೇ ಮಾತಿನಲ್ಲಿ ಉತ್ತರಿಸಲು ನನಗೆ ಮನಸ್ಸಾಗಲಿಲ್ಲ. ಉತ್ತರಿಸುವ ಮುನ್ನ ಆ ಡಯಲ್ ಎಲ್ಲಿಂದ ಬಂತು, ಅದನ್ನು ಯಾರು, ಹೇಗೆ ಮಾಡುತ್ತಾರೆ ಎಂಬುದನ್ನು ತಿಳಿಯಬೇಕೆನಿಸಿತು.

ಯುರೋಪಿನಲ್ಲಿ ಗಟ್ಟಿ ಪಿಂಗಾಣಿಯ ಕಥೆ ಆರಂಭವಾಗುವುದು ಚಿನ್ನದ ದುರಾಸೆಯಿಂದ. ಯೋಹಾನ್ ಫ್ರೀಡ್ರಿಶ್ ಬಾಟ್ಗರ್ ಎಂಬ ತರುಣ ಬರ್ಲಿನ್ನಿನ ಔಷಧಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಕೀಳು ಲೋಹವನ್ನು ಚಿನ್ನವಾಗಿಸಬಲ್ಲೆನೆಂದು ಅವನು ಹೇಳಿಕೊಂಡ. ಸುದ್ದಿ ಹರಡಿತು. 1701ರಲ್ಲಿ ಅವನು ಸ್ಯಾಕ್ಸನಿಗೆ ಓಡಿಹೋದಾಗ, ಅಲ್ಲಿನ ಅರಸ ಆಗಸ್ಟಸ್ ಅವನನ್ನು ಹಿಡಿದಿಟ್ಟು, ತನಗಾಗಿ ಚಿನ್ನ ಮಾಡಬೇಕೆಂದು ಆಜ್ಞಾಪಿಸಿದ. ಚಿನ್ನ ಹುಟ್ಟಲಿಲ್ಲ. ಆದರೆ ಚಿರ್ನ್‌ಹೌಸ್ ಎಂಬ ವಿದ್ವಾಂಸನ ಮಾರ್ಗದರ್ಶನದಲ್ಲಿ ಮಣ್ಣುಗಳನ್ನು ಸುಡುತ್ತಾ ಹೋದ ಆ ಬಂದಿ, 1708ರ ವೇಳೆಗೆ ಅದುವರೆಗೆ ಚೀನಾ, ಜಪಾನ್‌ಗಳಿಂದ ಮಾತ್ರ ಬರುತ್ತಿದ್ದ ಬಿಳಿ ಪಿಂಗಾಣಿಯನ್ನು ಮಾಡುವ ಬಗೆಯನ್ನು ಕಂಡುಕೊಂಡ. 1710ರಲ್ಲಿ ಮೈಸನ್ ಪಟ್ಟಣದ ಬೆಟ್ಟದ ಮೇಲಿನ ಕೋಟೆಯಲ್ಲಿ ಕಾರ್ಖಾನೆ ಆರಂಭವಾಯಿತು. ಗುಟ್ಟು ಹೊರಹೋಗದಿರಲೆಂದೇ ಕೋಟೆಯನ್ನು ಆರಿಸಿದ್ದು. ಬಾಟ್ಗರ್‌ಗೆ ಬಿಡುಗಡೆ ದೊರೆತದ್ದು 1714ರಲ್ಲಿ. ಐದೇ ವರ್ಷಗಳಲ್ಲಿ, 37ರ ಪ್ರಾಯದಲ್ಲಿ ಅವನು ತೀರಿಕೊಂಡ.

ಆ ಅರಸನ ಪಿಂಗಾಣಿಯ ಹುಚ್ಚು ಎಷ್ಟಿತ್ತೆಂದರೆ, 1717ರಲ್ಲಿ ಅವನು ತನ್ನ 600 ಮಂದಿ ಸೈನಿಕರನ್ನು ಪ್ರಷ್ಯಾದ ದೊರೆಗೆ ಒಪ್ಪಿಸಿ, ಪ್ರತಿಯಾಗಿ 151 ಚೀನೀ ಪಿಂಗಾಣಿ ಪಾತ್ರೆಗಳನ್ನು ಪಡೆದ. ಒಂದೊಂದು ಪಾತ್ರೆಗೆ ಸುಮಾರು ನಾಲ್ವರು ಮನುಷ್ಯರು! ಸುಂದರ ವಸ್ತುವಿನ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಎಷ್ಟು ಹಳೆಯದು ನೋಡಿ.

ಜಪಾನಿನ ಅರಿತಾ ಎಂಬ ಊರಿನ ಚರಿತ್ರೆಯೂ ಇದಕ್ಕಿಂತ ತೀರಾ ಭಿನ್ನವಲ್ಲ. 16ನೇ ಶತಮಾನದ ಕೊನೆಯಲ್ಲಿ ಜಪಾನಿನ ಸೇನೆ ಕೊರಿಯಾದ ಮೇಲೆ ದಂಡೆತ್ತಿ ಹೋಗಿ, ಮರಳುವಾಗ ಅಲ್ಲಿನ ಕುಂಬಾರರನ್ನು ತನ್ನೊಂದಿಗೆ ಕರೆತಂದಿತು. ಅವರಲ್ಲೊಬ್ಬನಾದ ಯಿ ಸಾಮ್‌ಪ್ಯೊಂಗ್ ಎಂಬವನು 1616ರ ಸುಮಾರಿಗೆ ಅರಿತಾದ ಇಝುಮಿಯಾಮಾ ಎಂಬಲ್ಲಿ ಪಿಂಗಾಣಿಗೆ ಒದಗುವ ಕಲ್ಲನ್ನು ಕಂಡುಹಿಡಿದನೆಂಬುದು ಅಲ್ಲಿಯ ಪರಂಪರೆಯ ನಂಬಿಕೆ. ಜಪಾನಿನ ಸೀಕೊ ಕಂಪನಿಯು 2019ರಿಂದ ತನ್ನ ಕೆಲವು ಗಡಿಯಾರಗಳಿಗೆ ಅದೇ ಅರಿತಾದಲ್ಲಿ ಪಿಂಗಾಣಿ ಡಯಲ್‌ಗಳನ್ನು ಮಾಡಿಸುತ್ತಿದೆ. ಅಲ್ಲಿ ಮಣ್ಣನ್ನು ಸುಮಾರು 1,300 ಡಿಗ್ರಿಯಲ್ಲಿ ಸುಟ್ಟು, ಕೈಯಿಂದಲೇ ಮೆರುಗಿನ ಲೇಪ ಹಚ್ಚಿ ಮತ್ತೆ ಸುಡುತ್ತಾರೆ. ಮುಳ್ಳುಗಳ ಸರಳು ಹಾಯುವ ರಂಧ್ರವನ್ನು ಲೇಸರ್ ಕಿರಣದಿಂದ ಕೊರೆದು, ಮೂರನೆಯ ಬಾರಿಯೂ ಸುಡುತ್ತಾರೆ. ನಾಲ್ಕು ಶತಮಾನಗಳ ಹಿಂದೆ ಸೆರೆಯಾಳಾಗಿ ಬಂದ ಕುಂಬಾರನಿಗೆ ಅರಿತಾದಲ್ಲಿ ಇಂದು ಸ್ಮಾರಕವಿದೆ. ಅವನೊಂದಿಗೆ ಬಂದ ಉಳಿದವರಲ್ಲಿ ಹೆಚ್ಚಿನವರ ಹೆಸರು ಯಾರಿಗೂ ನೆನಪಿಲ್ಲ.

ಮತ್ತೆ ಜರ್ಮನಿಗೆ ಬರೋಣ. ಮೈಸನ್‌ನಂತೆಯೇ ಸ್ಯಾಕ್ಸನಿಯಲ್ಲಿರುವ ಇನ್ನೊಂದು ಊರು ಗ್ಲಾಸ್‌ಹ್ಯೂಟೆ. ಬೆಳ್ಳಿಯ ಗಣಿಗಳು ಬರಿದಾಗಿ ಬಡತನಕ್ಕೆ ಬಿದ್ದಿದ್ದ ಆ ಕಣಿವೆಗೆ 1845ರಲ್ಲಿ ಫರ್ಡಿನಾಂಡ್ ಅಡಾಲ್ಫ್ ಲಾಂಗೆ ಎಂಬವರು ಸರಕಾರದ ಸಾಲ ಪಡೆದು ಬಂದು, ಹಳ್ಳಿಯ ಹುಡುಗರಿಗೆ ಗಡಿಯಾರದ ಕೆಲಸ ಕಲಿಸಿದರು. ಅಂದಿನಿಂದ ಅದು ಗಡಿಯಾರದ ಊರು. ನಮ್ಮ ಕಾಲದಲ್ಲಿ ಗ್ಲಾಸ್‌ಹ್ಯೂಟೆ ಒರಿಜಿನಲ್ ಎಂಬ ಕಂಪನಿ ಮೈಸನ್‌ನ ಪಿಂಗಾಣಿ ಡಯಲ್‌ಗಳನ್ನು ತನ್ನ ಕೆಲವು ಗಡಿಯಾರಗಳಿಗೆ ಅಳವಡಿಸಿತು.

ನನ್ನ ಮಗ ಉನ್ನತ ಶಿಕ್ಷಣಕ್ಕಾಗಿ ಡ್ರೆಸ್ಡನ್‌ನಲ್ಲಿದ್ದಾಗ ಅವನನ್ನು ನೋಡಲು ಹೋಗಿದ್ದೆ. ಅಲ್ಲಿಂದ ಮೈಸನ್‌ಗೆ ಎಲ್ಬೆ ನದಿಯ ಬಯಲಿನಲ್ಲಿ ರೈಲಿನ ಪ್ರಯಾಣ. ಒಂದು ಗಂಟೆಯೂ ಬೇಕಾಗದು. ಕಾರ್ಖಾನೆಯಲ್ಲಿ ಸಂದರ್ಶಕರಿಗಾಗಿ ಕೆಲವು ಕೋಣೆಗಳಿವೆ. ಕುಶಲಕರ್ಮಿಗಳು ಅಲ್ಲಿ ನಮ್ಮ ಕಣ್ಣೆದುರೇ ಕೆಲಸ ಮಾಡಿ ತೋರಿಸುತ್ತಾರೆ.

ಪಿಂಗಾಣಿಯ ಮೊದಲ ಕಷ್ಟವೇನೆಂದು ನನಗೆ ಅಲ್ಲಿ ಅರ್ಥವಾಯಿತು. ಹಸಿ ಮಣ್ಣಿನ ವಸ್ತು ಸುಟ್ಟು ಹೊರಬರುವಾಗ ಸುಮಾರು ಆರನೇ ಒಂದು ಪಾಲು ಕುಗ್ಗಿರುತ್ತದೆ. ಹೂಜಿಯೋ ಬಟ್ಟಲೋ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಯಾರಿಗೂ ತಿಳಿಯದು. ಗಡಿಯಾರದ ಡಯಲ್ ಹಾಗಲ್ಲ. ಅದು ಕವಚದೊಳಗೆ ಸರಿಯಾಗಿ ಕೂರಬೇಕು, ಕಾಗದದಂತೆ ಸಮತಟ್ಟಾಗಿರಬೇಕು, ನಡುವಿನ ರಂಧ್ರ ನಡುವಿನಲ್ಲೇ ಇರಬೇಕು. ಒಂದು ಕಡೆ ತುಸು ಬಾಗಿದರೂ ಮುಳ್ಳು ಅದಕ್ಕೆ ತಗಲಿ ನಿಂತುಬಿಡುತ್ತದೆ. ಲೋಹದ ಡಯಲ್‌ಗೆ ಹಿಂಬದಿಯಲ್ಲಿ ಪುಟ್ಟ ಕಾಲುಗಳನ್ನು ಬೆಸುಗೆ ಹಾಕಬಹುದು; ಪಿಂಗಾಣಿಗೆ ಹಾಗೆ ಹಾಕಲಾಗದು. ತೆಳುವಾಗಿದ್ದಷ್ಟೂ ಗಡಿಯಾರಕ್ಕೆ ಒಳ್ಳೆಯದು. ಆದರೆ ತೆಳುವಾದಷ್ಟೂ ಅದು ಬೆಂಕಿಯಲ್ಲಿ ಸೊಟ್ಟಗಾಗುವ ಸಂಭವ ಹೆಚ್ಚು.

ಎರಡನೆಯ ಕಷ್ಟ ಬಣ್ಣದ್ದು. ಒಂದು ಕೋಣೆಯಲ್ಲಿ ಮಧ್ಯವಯಸ್ಸಿನ ಮಹಿಳೆಯೊಬ್ಬರು ಕೂತಿದ್ದರು. ಒಮ್ಮೆ ಮಾತ್ರ ಹದವಾಗಿ ಸುಟ್ಟ, ಇನ್ನೂ ಮೆರುಗು ಹಚ್ಚದ ಬಿಳಿಯ ತಟ್ಟೆ ಅವರ ಕೈಯಲ್ಲಿತ್ತು. ಸೂಜಿಯಿಂದ ಚುಚ್ಚಿದ ಕಾಗದದ ಮೇಲೆ ಇದ್ದಿಲ ಪುಡಿ ಉಜ್ಜಿ ಚಿತ್ರದ ಸುಳಿವನ್ನು ಮೂಡಿಸಿಕೊಂಡು, ಅದರ ಮೇಲೆ ಕೋಬಾಲ್ಟ್ ಬಣ್ಣದಿಂದ ಬರೆಯುತ್ತಿದ್ದರು. ಆ ಹಂತದಲ್ಲಿ ಮಣ್ಣು ನೀರನ್ನು ಹೀರುವ ಸ್ಪಂಜಿನಂತೆ ಇರುತ್ತದೆ. ಕುಂಚ ತಾಗಿದೊಡನೆ ಬಣ್ಣ ಒಳಗಿಳಿಯುತ್ತದೆ. ಅಳಿಸುವಂತಿಲ್ಲ, ಒರೆಸುವಂತಿಲ್ಲ. ಇನ್ನೊಂದು ವಿಶೇಷವೆಂದರೆ, ಬರೆಯುವಾಗ ಅದು ನೀಲಿಯೇ ಅಲ್ಲ. ಮಂಕಾದ ಬೂದು ಬಣ್ಣ. ಅದರ ಮೇಲೆ ಮೆರುಗಿನ ಲೇಪ ಹಚ್ಚಿದಾಗ ಚಿತ್ರವೇ ಮರೆಯಾಗುತ್ತದೆ. ಸುಮಾರು 1,400 ಡಿಗ್ರಿಯ ಬೆಂಕಿಯಿಂದ ಹೊರಬಂದ ಮೇಲೆಯೇ ನೀಲಿ ಕಾಣಿಸುವುದು. ಅಂದರೆ ಆ ಮಹಿಳೆ ತಾನು ಬರೆಯುತ್ತಿರುವ ಬಣ್ಣವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ; ಅನುಭವದಿಂದ ಬಲ್ಲವರಾಗಿದ್ದರು.

ಪಕ್ಕದ ಕೋಣೆಯಲ್ಲಿ ಮೆರುಗಿನ ಮೇಲೆ ಬರೆಯುವವರಿದ್ದರು. ಲೋಹದ ಆಕ್ಸೈಡುಗಳ ಪುಡಿಯನ್ನು ಟರ್ಪೆಂಟೈನ್ ಎಣ್ಣೆಯಲ್ಲಿ ಅರೆದು ಹೂವಿನ ಎಸಳುಗಳನ್ನು ಮೂಡಿಸುತ್ತಿದ್ದರು. ಕೆಂಪಿಗೆ ಕಬ್ಬಿಣ, ಗುಲಾಬಿಗೆ ಚಿನ್ನದಿಂದ ಮಾಡಿದ ಪುಡಿ. ಇಲ್ಲಿ ಬೆಂಕಿಗಿಡುವ ಮುನ್ನ ಒರೆಸಬಹುದು. ಬೆಂಕಿಯಿಂದ ಬಂದ ಮೇಲೆ ಸಾಧ್ಯವಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ಶಾಖ. ಹೆಚ್ಚು ಶಾಖ ಬೇಡುವುದನ್ನು ಮೊದಲು, ಕಡಿಮೆ ಶಾಖ ಸಾಕೆನ್ನುವ ಚಿನ್ನದ ಲೇಪವನ್ನು ಕೊನೆಗೆ ಸುಡಬೇಕು. ಪ್ರತಿ ಬಾರಿ ಕುಲುಮೆಗೆ ಹೋದಾಗಲೂ ಅದುವರೆಗಿನ ಶ್ರಮವೆಲ್ಲ ಒಡೆದುಹೋಗುವ ಅಪಾಯವಿದೆ.

ಇದೇ ಕೆಲಸ ಡಯಲ್‌ನ ಮೇಲೆ ಎಷ್ಟು ಕಠಿಣವೆಂಬುದನ್ನು ಒಬ್ಬ ಗಡಿಯಾರದವನಾಗಿ ನಾನು ಲೆಕ್ಕ ಹಾಕಬಲ್ಲೆ. ನಿಮಿಷದ ಗೆರೆಗಳ ವೃತ್ತ 30 ಮಿಲಿಮೀಟರ್ ಅಗಲವಿದ್ದರೆ, ಒಂದು ಗೆರೆಯಿಂದ ಇನ್ನೊಂದಕ್ಕೆ ಇರುವ ಅಂತರ ಒಂದೂವರೆ ಮಿಲಿಮೀಟರ್‌ಗಿಂತ ತುಸುವೇ ಹೆಚ್ಚು. ಕುಂಚ ಮಿಲಿಮೀಟರಿನ ಹತ್ತನೇ ಒಂದು ಪಾಲು ಜರುಗಿದರೆ, ಮುಳ್ಳು ತೋರಿಸುವ ವೇಳೆಯಲ್ಲಿ ಸುಮಾರು ನಾಲ್ಕು ಸೆಕೆಂಡುಗಳ ವ್ಯತ್ಯಾಸ. ಹೂಜಿಯ ಮೇಲೆ ಎಲೆಯೊಂದು ಸ್ವಲ್ಪ ವಾಲಿದರೆ ಅದಕ್ಕೂ ಒಂದು ಚೆಲುವಿದೆ. ಏಳರ ಅಂಕಿ ವಾಲಿದರೆ ಅದು ಸುಳ್ಳಾಗುತ್ತದೆ.

ಆ ನೀಲಿಯನ್ನು ನೋಡುತ್ತಾ ನಿಂತಾಗ ಅದು ನಮಗೆ ಪರಕೀಯವಲ್ಲ ಎಂಬುದು ನೆನಪಾಯಿತು. 9ನೇ ಶತಮಾನದಲ್ಲಿ ಬಸ್ರಾದ ಕುಂಬಾರರು ಚೀನಾದಿಂದ ಬಂದ ಬಿಳಿ ಪಾತ್ರೆಗಳನ್ನು ಕಂಡು ಬೆರಗಾದರು. ಆ ಬಿಳಿ ಮಣ್ಣು ಅವರಲ್ಲಿರಲಿಲ್ಲ. ತವರ ಬೆರೆಸಿದ ಬಿಳಿ ಲೇಪವನ್ನು ತಮ್ಮ ಮಣ್ಣಿನ ಬಟ್ಟಲುಗಳಿಗೆ ಹಚ್ಚಿ, ಅದರ ಮೇಲೆ ಕೋಬಾಲ್ಟ್ ನೀಲಿಯಿಂದ ಎಲೆಗಳನ್ನೂ ಅರಬೀ ಅಕ್ಷರಗಳನ್ನೂ ಬರೆದರು. 1301ರಲ್ಲಿ ಕಾಶಾನಿನ ಕುಂಬಾರ ಮನೆತನದ ಅಬುಲ್ ಕಾಸಿಂ ಎಂಬವರು ಬರೆದ ಗ್ರಂಥದಲ್ಲಿ, ತಮ್ಮೂರಿನ ಬಳಿಯ ಕಮ್ಸರ್ ಎಂಬ ಹಳ್ಳಿಯಲ್ಲಿ ದೊರೆಯುವ ನೀಲಿ ಬಣ್ಣದ ಕಲ್ಲಿನ ವಿವರವಿದೆ. 14ನೇ ಶತಮಾನದಲ್ಲಿ ಪರ್ಷಿಯಾದ ಕಡೆಯಿಂದ ಕೋಬಾಲ್ಟ್ ಚೀನಾದ ಜಿಂಗ್‌ಡೆಝೆನ್ ಊರಿನ ಕುಲುಮೆಗಳನ್ನು ತಲಪಿತು. ಮುಂದೆ ಚೀನೀಯರು ಅದನ್ನು 'ಹುಯಿಹುಯಿ ಚಿಂಗ್', ಅಂದರೆ 'ಮುಸಲ್ಮಾನರ ನೀಲಿ' ಎಂಬ ಹೆಸರಿನಿಂದ ಕರೆದರು. ಆ ನೀಲಿ-ಬಿಳಿ ಪಾತ್ರೆಗಳೇ ಯುರೋಪಿನ ಅರಸರಿಗೆ ಹುಚ್ಚು ಹಿಡಿಸಿದ್ದು. ಮೈಸನ್‌ನವರು ತಮ್ಮ ನಾಡಿನ ಗಣಿಗಳ ಕೋಬಾಲ್ಟನ್ನೇ ಬಳಸಿದರೂ, ನೀಲಿಯಲ್ಲಿ ಬರೆಯಬೇಕೆಂಬ ಆಸೆ ಈ ದಾರಿಯಾಗಿಯೇ ಅವರಲ್ಲಿಗೆ ಬಂದದ್ದು. ಅವರ ಅತ್ಯಂತ ಪ್ರಸಿದ್ಧವಾದ ಚಿತ್ರವನ್ನು 'ನೀಲಿ ಈರುಳ್ಳಿ' ಎನ್ನುತ್ತಾರೆ. ಚೀನಾದ ಮೂಲಚಿತ್ರದಲ್ಲಿದ್ದುದು ದಾಳಿಂಬೆ ಮೊದಲಾದ ಹಣ್ಣುಗಳು. ಅವುಗಳ ಪರಿಚಯವಿಲ್ಲದ ಜನರ ಕಣ್ಣಿಗೆ ಅವು ಈರುಳ್ಳಿಯಂತೆ ಕಂಡವು ಎಂದು ಹೇಳುತ್ತಾರೆ.

ಗಡಿಯಾರದ ಮುಖಕ್ಕೂ ನಮಗೂ ಇನ್ನೊಂದು ನಂಟಿದೆ. 18ನೇ ಶತಮಾನದಲ್ಲಿ ಲಂಡನ್ನಿನ ಮಾರ್ಕ್‌ವಿಕ್ ಮಾರ್ಕಮ್, ಜಾರ್ಜ್ ಪ್ರಯರ್ ಮೊದಲಾದ ಗಡಿಯಾರಗಾರರು ಉಸ್ಮಾನೀ ಸಾಮ್ರಾಜ್ಯಕ್ಕಾಗಿಯೇ ಗಡಿಯಾರಗಳನ್ನು ಮಾಡುತ್ತಿದ್ದರು. ಅವುಗಳ ಎನಾಮೆಲ್ ಡಯಲ್‌ಗಳ ಮೇಲೆ ಅಂಕಿಗಳನ್ನು ಅರಬೀ ಲಿಪಿಯ ರೂಪದಲ್ಲಿ ಬರೆಯಲಾಗುತ್ತಿತ್ತು. ಉಸ್ಮಾನೀ ಪದ್ಧತಿಯಲ್ಲಿ ಸೂರ್ಯಾಸ್ತಕ್ಕೆ 12 ಗಂಟೆ. ಹೊಸ ದಿನ ಅಲ್ಲಿಂದ ಆರಂಭ. ಸೂರ್ಯಾಸ್ತ ದಿನದಿನವೂ ಜರುಗುವುದರಿಂದ ಗಡಿಯಾರವನ್ನು ಮತ್ತೆ ಮತ್ತೆ ಸರಿಪಡಿಸಿಕೊಳ್ಳಬೇಕಿತ್ತು. ಅದಕ್ಕೆಂದೇ ದೊಡ್ಡ ಮಸೀದಿಗಳ ಬಳಿ ವೇಳೆ ನೋಡುವ ಮುವಕ್ಕಿತ್‌ಗಳು ಇರುತ್ತಿದ್ದರು. 1926ರಲ್ಲಿ ತುರ್ಕಿ ಗಣರಾಜ್ಯ ಆ ಪದ್ಧತಿಯನ್ನು ಕೈಬಿಟ್ಟಿತು. ದೂರದ ಲಂಡನ್ನಿನಲ್ಲಿ ಕೂತು ಆ ಅಂಕಿಗಳನ್ನು ಬರೆದವರಿಗೆ ಅವನ್ನು ಓದಲು ಬರುತ್ತಿತ್ತೋ ಇಲ್ಲವೋ, ಅವರು ಸರಿಯಾಗಿ ಬರೆದುದರಿಂದ ಇಸ್ತಾಂಬುಲಿನಲ್ಲಿ ಯಾರೋ ಒಬ್ಬರು ವೇಳೆಗೆ ಸರಿಯಾಗಿ ನಮಾಝಿಗೆ ಎದ್ದಿರಬೇಕು.

ಇನ್ನು ನನ್ನ ಮಗಳ ಪ್ರಶ್ನೆಗೆ ಬರೋಣ. ಅವಳ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ ಎಂದು ನನಗೆ ತೋರುತ್ತದೆ. ಒಂದು, ಅಂಥ ಗಡಿಯಾರವನ್ನು ಕೊಳ್ಳುವುದು ಸರಿಯೇ? ಇನ್ನೊಂದು, ಅಂಥದನ್ನು ಮಾಡುವುದರಲ್ಲಿ ಅರ್ಥವಿದೆಯೇ? ಮೊದಲನೆಯದಕ್ಕೆ ಉತ್ತರ ಕೊಳ್ಳುವವನ ಕೈಯಲ್ಲಿದೆ. ನೆರೆಮನೆಯವನು ಹಸಿದಿರುವಾಗ, ಝಕಾತ್ ಬಾಕಿಯಿರುವಾಗ, ಜನರ ಮುಂದೆ ತೋಳೆತ್ತಿ ತೋರಿಸುವುದಕ್ಕೆಂದೇ ಕೊಂಡದ್ದಾದರೆ ಅದು ಇಸ್ರಾಫ್ ಎಂಬುದರಲ್ಲಿ ಸಂಶಯವಿಲ್ಲ. 600 ಸೈನಿಕರನ್ನು ಕೊಟ್ಟು ಪಾತ್ರೆ ಪಡೆದ ಅರಸನಿಗೂ ಅವನಿಗೂ ಇರುವುದು ಅಳತೆಯ ವ್ಯತ್ಯಾಸ ಮಾತ್ರ.

ಎರಡನೆಯದಕ್ಕೆ ಉತ್ತರ ಆ ಕೋಣೆಯಲ್ಲಿ ಕೂತಿದ್ದ ಮಹಿಳೆಯ ಕೈಯಲ್ಲಿದೆ. ಅವರು ಬರೆದ ತಟ್ಟೆಯನ್ನು ಯಾರು ಕೊಳ್ಳುತ್ತಾರೋ ಅವರಿಗೆ ತಿಳಿಯದು. ಡಯಲ್ ಬರೆಯುವವರ ಸ್ಥಿತಿಯೂ ಅದೇ. ಗಡಿಯಾರದ ಮುಖದಲ್ಲಿ ಕಂಪನಿಯ ಹೆಸರಿರುತ್ತದೆ. ಸಾಮಾನ್ಯವಾಗಿ ಬರೆದವರ ಹೆಸರಿರುವುದಿಲ್ಲ. ಕೊಂಡವನು ಅದನ್ನು ಕ್ಷಣಮಾತ್ರ ನೋಡಿ, ವೇಳೆ ತಿಳಿದು, ತೋಳನ್ನು ಇಳಿಸುತ್ತಾನೆ. ಆದರೂ ಗೆರೆ ನೇರವಾಗಿರಬೇಕೆಂದು ಅವರು ಉಸಿರು ಬಿಗಿಹಿಡಿಯುತ್ತಾರೆ. ಕೆಲಸವನ್ನು ಮಾಡಿದರೆ ಅತ್ಯುತ್ತಮವಾಗಿ ಮಾಡು ಎಂಬ ಇಹ್ಸಾನ್‌ನ ಪಾಠವನ್ನು ನಾವು ಖುತ್ಬಾಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಅದು ಕೈಯಲ್ಲಿ ಹೇಗೆ ಕಾಣಿಸುತ್ತದೆಂಬುದನ್ನು ನಾನು ಕಂಡದ್ದು ಮೊದಲು ತಂದೆಯವರ ಮೇಜಿನ ಮುಂದೆ, ಅನಂತರ ಮೈಸನ್‌ನಲ್ಲಿ. ತನ್ನ ಪಾಲಿನ ಕೆಲಸವನ್ನು ಪೂರ್ಣವಾಗಿ ಮಾಡಿ, ಫಲವನ್ನು ತನ್ನ ವಶದಲ್ಲಿಲ್ಲದ ಬೆಂಕಿಗೆ ಒಪ್ಪಿಸಿ ಕಾಯುವುದು. ತವಕ್ಕುಲ್ ಎಂದರೆ ಏನೆಂದು ಮಕ್ಕಳು ಕೇಳಿದಾಗ ನಾನು ಈಗ ಈ ಉದಾಹರಣೆಯನ್ನೇ ಕೊಡುತ್ತೇನೆ. ಕುಂಚ ಹಿಡಿಯದೆ ಬೆಂಕಿಯನ್ನು ನಂಬಿ ಕೂತರೆ ಖಾಲಿ ತಟ್ಟೆಯೇ ಹೊರಬರುತ್ತದೆ.

ಕೈಗೆಲಸವನ್ನು ಹೊಗಳುವುದು ಸುಲಭ. ಹೊಗಳಿಕೆಯಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಮೈಸನ್‌ನ ಕುಶಲಕರ್ಮಿಗೆ ವರ್ಷಗಳ ತರಬೇತಿಯಿದೆ, ತಿಂಗಳ ಸಂಬಳವಿದೆ, ಕಲಿಸುವ ಶಾಲೆಯಿದೆ. ನಮ್ಮ ಪೇಟೆಯ ಗಡಿಯಾರದವನಿಗೆ, ದರ್ಜಿಗೆ, ಕಸೂತಿ ಹಾಕುವ ಹೆಣ್ಣುಮಗಳಿಗೆ ಏನಿದೆ? ಲಕ್ಷಗಟ್ಟಲೆ ಬೆಲೆಯ ವಸ್ತುವನ್ನು ಚೌಕಾಶಿಯಿಲ್ಲದೆ ಕೊಳ್ಳುವ ನಾವು, ಇವರೊಂದಿಗೆ ಹತ್ತು ರೂಪಾಯಿಗೆ ಚೌಕಾಶಿ ಮಾಡುತ್ತೇವೆ. "ನಾಳೆ ಬಾ" ಎಂದು ಕೂಲಿಯನ್ನು ಮುಂದೂಡುತ್ತೇವೆ. ದುಡಿದವನ ಕೂಲಿಯನ್ನು ತಡಮಾಡದೆ ಕೊಡಬೇಕೆಂಬ ಪ್ರವಾದಿ(ಸ)ರವರ ಬೋಧನೆ ನಮ್ಮಲ್ಲಿ ಯಾರಿಗೆ ತಿಳಿದಿಲ್ಲ?

ಮಗಳಿಗೆ ನಾನು ಕೊನೆಗೆ ಹೇಳಿದ್ದಿಷ್ಟೇ: "ಅಂಥ ಗಡಿಯಾರವನ್ನು ಕೊಳ್ಳುವ ಅಗತ್ಯ ನಮಗಿಲ್ಲ, ಮಗಳೇ. ಆದರೆ ಅದನ್ನು ಬರೆದವರಂತೆ ಕೆಲಸ ಮಾಡುವುದಕ್ಕೆ ಹಣ ಬೇಕಾಗಿಲ್ಲ. ಮತ್ತು ಅಂಥ ಕೆಲಸ ಮಾಡುವವರು ನಮ್ಮ ಬೀದಿಯಲ್ಲಿದ್ದರೆ, ಅವರ ಹೆಸರನ್ನು ತಿಳಿದುಕೊಂಡಿರು, ಅವರ ಕೂಲಿಯನ್ನು ಅಂದೇ ಕೊಡು."